ಮೆತ್ತನೆ ಗಂಟು

ಒರೆಸುವ ಕಾಗದವನ್ನು ಬಿಸಿ ಮಾಡುವ ಯಂತ್ರವೊಂದು ನಮ್ಮ ಮನೆಯಲ್ಲಿತ್ತು. ನಗಬೇಡಿ. ಮಗುವಿನ ಅಂಡು ಒರೆಸಲು ಒದ್ದೆ ಕಾಗದ ಬರುತ್ತದಲ್ಲ, ಆ ವೈಪ್ಸ್ ತಣ್ಣಗಿದ್ದರೆ ಮಗು ಬೆಚ್ಚಿಬೀಳುತ್ತದೆ ಎಂದು ಯಾರೋ ಪುಣ್ಯಾತ್ಮರು ಕಂಡುಹಿಡಿದ ಡಬ್ಬಿ ಅದು. ಕರೆಂಟಿಗೆ ಹಾಕಿದರೆ ನೀಲಿ ದೀಪ ಹತ್ತಿಕೊಳ್ಳುತ್ತಿತ್ತು. ನನ್ನ ಮಗಳು ಹುಟ್ಟುವ ಎರಡು ತಿಂಗಳ ಮೊದಲೇ ಅದು ಮನೆಗೆ ಬಂದಿತ್ತು. ಎರಡು ಸಲ ಬಳಸಿದೆ. ಮೂರನೆಯ ಸಲ ತೆರೆದಾಗ ಒಳಗಿನ ಕಾಗದವೆಲ್ಲ ಒಣಗಿ ಹಪ್ಪಳವಾಗಿತ್ತು. ಅಲ್ಲಿಂದ ಅದು ಸೀದಾ ಗ್ಯಾರೇಜು ಸೇರಿತು.

ಮೆಲ್ಬರ್ನಿನ ಅಂಚಿನಲ್ಲಿರುವ ನಮ್ಮ ಕ್ಲೈಡ್ ನಾರ್ತಿನಲ್ಲಿ ಗ್ಯಾರೇಜು ಎಂದರೆ ಕಾರು ನಿಲ್ಲಿಸುವ ಜಾಗವಲ್ಲ. ಕಾರು ಪಾಪ ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ. ನಮ್ಮ ತಪ್ಪುಗಳು ಒಳಗೆ ನೆರಳಲ್ಲಿರುತ್ತವೆ. ಇಲ್ಲಿ ನಮ್ಮ ಪುರಸಭೆಯಂಥ ಕೌನ್ಸಿಲ್‌ನವರಲ್ಲಿ ಮೊದಲೇ ಬುಕ್ ಮಾಡಿದರೆ ದೊಡ್ಡ ಕಸ ಒಯ್ಯಲು ಲಾರಿ ಬರುತ್ತದೆ. ಬೇಡದ್ದನ್ನೆಲ್ಲ ಮನೆ ಮುಂದಿನ ಹುಲ್ಲಿನ ಮೇಲೆ ಜೋಡಿಸಿಡಬೇಕು. ಹಾಗೆ ಬುಕ್ ಮಾಡಿ, ಒಂದು ಶನಿವಾರ ಬೆಳಿಗ್ಗೆ ಟೊಂಕ ಕಟ್ಟಿ ನಿಂತೆ. ತಾನೇ ತಾನಾಗಿ ತೂಗುವ ಕುರ್ಚಿ ಹೊರಬಂತು. ಬಾಟಲಿ ಒಣಗಿಸಲು ಪ್ಲಾಸ್ಟಿಕ್ಕಿನ ಹುಲ್ಲು ನೆಟ್ಟ ತಟ್ಟೆ ಬಂತು. ತಾಯಿಯ ಎದೆಬಡಿತದ ಸದ್ದು ಮಾಡುವ ಕರಡಿ ಬಂತು. ತಾಯಿ ನಾನು ಎದೆ ಸಮೇತ ಅದೇ ಮನೆಯಲ್ಲಿದ್ದೆ, ಆದರೂ ಆ ಕರಡಿ ಬೇಕೆನಿಸಿತ್ತು ನೋಡಿ. ಇಪ್ಪತ್ತು ತಿಂಗಳ ನನ್ನ ಮಗಳು ಚಿನ್ನು ನನ್ನ ಹಿಂದೆಯೇ ಬಂದು, ನಾನು ಹೊರಗಿಟ್ಟದ್ದನ್ನೆಲ್ಲ "ಮೈನ್! ಮೈನ್!" ಎನ್ನುತ್ತಾ ಒಳಗೆ ಎಳೆಯುತ್ತಿದ್ದಳು. ಹುಟ್ಟಿದಾಗಿನಿಂದ ಒಮ್ಮೆಯೂ ಮೂಸಿ ನೋಡದ ಸಾಮಾನಿನ ಮೇಲೆ ಅವಳಿಗೆ ಅಂದು ಎಲ್ಲಿಲ್ಲದ ಮಮಕಾರ.

ಮಗುವಿನ ತಳ್ಳುಗಾಡಿ ಪ್ರಾಮಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಎಳೆದಾಗ ಅದು ಖಾಲಿಯಿರಲಿಲ್ಲ. ಒಳಗೆ ಹಳೆಯ ಟವೆಲ್ಲಿನಲ್ಲಿ ಸುತ್ತಿ, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದ ಮೂಟೆಯೊಂದಿತ್ತು. ಗಂಟನ್ನು ನೋಡಿದ ಕೂಡಲೇ ಅದು ಯಾರು ಹಾಕಿದ ಗಂಟೆಂದು ಗೊತ್ತಾಯಿತು. ಬಿಚ್ಚಿದರೆ ಲವಂಗದ ವಾಸನೆ. ಹುಳು ಹಿಡಿಯದಿರಲಿ ಎಂದು ಮಡಿಕೆಗಳ ನಡುವೆ ಅಮ್ಮ ಲವಂಗ ಇಟ್ಟಿದ್ದಳು. ನಾನು ಅಲ್ಲೇ ಕಾಂಕ್ರೀಟಿನ ನೆಲದ ಮೇಲೆ ಕುಳಿತುಬಿಟ್ಟೆ.

ಇದು ನಮ್ಮ ಮನೆಯ ಮೆತ್ತನೆ ಗಂಟು. ನಿಮಗೆ ಇದರ ವಿಷಯ ಹೇಳಬೇಕು.

ನಮ್ಮ ತಾಯಿಯ ಕಡೆಯವರಲ್ಲಿ ಹುಟ್ಟಲಿರುವ ಮಗುವಿಗೆ ಮುಂಚಿತವಾಗಿ ಹೊಸದೇನನ್ನೂ ತರುವ ಹಾಗಿಲ್ಲ. ನಾಮಕರಣವಾಗುವ ತನಕ ಅದರ ಮೈಗೆ ಹೊಸ ಬಟ್ಟೆ ಸೋಕಿಸುವ ಹಾಗೂ ಇಲ್ಲ. ಹಾಗಾದರೆ ಮಗು ಏನು ಹಾಕಿಕೊಳ್ಳಬೇಕು? ಅದಕ್ಕೇ ಈ ಗಂಟು. ಮನೆಯ ಹೆಂಗಸರು ಉಟ್ಟು, ಒಗೆದು, ಮತ್ತೆ ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನು ಹರಿದು ಮಾಡಿದ ಚೌಕದ ಬಟ್ಟೆಗಳು ಇದರಲ್ಲಿರುತ್ತವೆ. ಯಾರು ಬಸುರಿಯೋ ಅವರ ಮನೆಗೆ ಗಂಟು ಹೋಗುತ್ತದೆ. ಅವರ ಮಗು ಅದರಲ್ಲಿ ಮಲಗಿ, ಒದ್ದೆ ಮಾಡಿ, ಬೆಳೆದ ಮೇಲೆ, ಆ ತಾಯಿ ತಾನು ಉಟ್ಟ ಸೀರೆಯೊಂದನ್ನು ಹರಿದು ಸೇರಿಸಿ ಮುಂದಿನ ಬಸುರಿಗೆ ದಾಟಿಸಬೇಕು. ತೀರಾ ಜಾಳಾದವು ಒಲೆಕಟ್ಟೆ ಒರೆಸಲು ಹೋಗುತ್ತವೆ. ಹೀಗಾಗಿ ಗಂಟು ಎಂದೂ ಮುಗಿಯುವುದಿಲ್ಲ, ಎಂದೂ ದೊಡ್ಡದಾಗುವುದೂ ಇಲ್ಲ.

ಸೀರೆಯನ್ನು ಗಂಟಿಗೆ ಸೇರಿಸುವ ಮೊದಲು ಒಂದು ಪರೀಕ್ಷೆಯಿತ್ತು. ಹಿರಿಯರು ಅದನ್ನು ಕೆನ್ನೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಒಂದು ಕ್ಷಣ ಬಿಟ್ಟು "ಆಯ್ತು" ಎಂದರೆ ಆಯಿತು. "ಇನ್ನೂ ಆಗಿಲ್ಲ" ಎಂದರೆ ಇನ್ನೂ ಒಂದು ವರ್ಷ ಉಡಬೇಕು. ತಿಪಟೂರಿನ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜಿ ಹೀಗೆ ಚಿಕ್ಕಮ್ಮನ ಹಸಿರು ಚೌಕಳಿ ಸೀರೆಯನ್ನು ಕೆನ್ನೆಗೆ ಹಿಡಿದದ್ದು, ನಾನು ಮತ್ತು ತಂಗಿ ದಿವ್ಯಾ ಉಸಿರು ಬಿಗಿಹಿಡಿದು ನಿಂತದ್ದು ನೆನಪಿದೆ. ಶಾಲೆಯ ಫಲಿತಾಂಶಕ್ಕೂ ನಾವು ಅಷ್ಟು ಕಾದವರಲ್ಲ. ಆಮೇಲೆ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ, ಕಾಲೊರಸುವ ಗೋಣಿತಾಟನ್ನೂ ಬಿಡದೆ, ಕೆನ್ನೆಗೊತ್ತಿ "ಆಗಿಲ್ಲ, ಆಗಿಲ್ಲ" ಎಂದು ತೀರ್ಪು ಕೊಡುತ್ತಾ ತಿರುಗುತ್ತಿದ್ದೆವು. ಬೆನ್ನಿಗೆ ಎರಡು ಬಿದ್ದ ಮೇಲೆ ನಿಲ್ಲಿಸಿದೆವು.

ಅಜ್ಜಿಯ ನಂತರ ಆ ಕೆನ್ನೆಯ ಅಧಿಕಾರ ಅಮ್ಮನಿಗೆ ಬಂತು. ಅಮ್ಮ ಅಂಗನವಾಡಿ ಟೀಚರಾಗಿದ್ದವಳು. ಬಡಾವಣೆಯ ಮಕ್ಕಳನ್ನೆಲ್ಲ ತಕ್ಕಡಿಯಲ್ಲಿ ತೂಗಿ ತೂಗಿ ಅವಳ ಕೈಯೇ ತಕ್ಕಡಿಯಾಗಿತ್ತು. ಮದುವೆ ಮನೆಯಲ್ಲೂ ಯಾರದಾದರೂ ಕೂಸನ್ನು ಎತ್ತಿಕೊಂಡರೆ, "ಒಂಬತ್ತು ಕೇಜಿ ಇಲ್ಲ ಕಣಮ್ಮ, ಎಂಟೂಮುಕ್ಕಾಲು. ರಾಗಿ ಸರಿ ಕೊಡು" ಎನ್ನುತ್ತಿದ್ದಳು. ನಮಗೆ ನಾಚಿಕೆಯಾಗುತ್ತಿತ್ತು. ಅಮ್ಮನ ಬಗ್ಗೆ ನಾಚಿಕೊಳ್ಳುವ ಅಭ್ಯಾಸ ನನಗೆ ಬಹಳ ಹಳೆಯದು, ಅದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಇಂಥ ಅಮ್ಮ ನನ್ನ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತಿದಳು. ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಅವಳ ಪೆಟ್ಟಿಗೆ ತೆರೆಸಿದರಂತೆ. ತಪಾಸಣೆಯ ಹೆಂಗಸು ಗಂಟನ್ನು ಎತ್ತಿ, ಇದೇನೆಂದು ಕೇಳಿದಳಂತೆ. ಅಮ್ಮ ತನಗೆ ಬಂದ ಇಂಗ್ಲಿಷಿನಲ್ಲಿ, "ಓಲ್ಡ್ ಸೀರೆ. ಫಾರ್ ನ್ಯೂ ಬೇಬಿ" ಎಂದಳಂತೆ. ಆಕೆ ಕೈಗವಸು ತೆಗೆದು ಒಮ್ಮೆ ಮುಟ್ಟಿ ನೋಡಿ, ನಕ್ಕು, ಇದ್ದ ಹಾಗೆಯೇ ಮಡಿಸಿ ಕೊಟ್ಟಳಂತೆ. "ಅವ್ಳಿಗೂ ಗೊತ್ತಾಯ್ತು ಕಣೇ ಸುಧಾ, ಎಷ್ಟು ಮೆತ್ತಗಿದೆ ಅಂತ" ಎಂದು ಅಮ್ಮ ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿದಳು. ನಾನು ಹೂಂಗುಟ್ಟುತ್ತಾ, ಡ್ಯಾಂಡಿನಾಂಗಿನ ಹತ್ತಿರದ ಅಂಗಡಿಯಿಂದ ಆವತ್ತೇ ತರಬೇಕಿದ್ದ ತೂಗುವ ಕುರ್ಚಿ ಬೌನ್ಸರಿನ ಬಗ್ಗೆ ಯೋಚಿಸುತ್ತಿದ್ದೆ.

ಯಾಕೆ ಅಷ್ಟೊಂದು ಕೊಂಡೆ ಎಂದು ನೀವು ಕೇಳಬಹುದು. ಮೊದಲ ಬಸಿರು, ಊರು ಬಹಳ ದೂರ, ನಮ್ಮವರೆಂದು ಇದ್ದವರು ವಾಟ್ಸಾಪ್ ಗುಂಪಿನ ಗೆಳತಿಯರು. "ನೀನಿನ್ನೂ ಬ್ರೀಥಿಂಗ್ ಮಾನಿಟರ್ ತಗೊಂಡಿಲ್ವಾ?" ಎಂದು ಒಬ್ಬಳು ಕೇಳಿದರೆ ಸಾಕು, ಮಗು ಹುಟ್ಟುವ ಮೊದಲೇ ಅದನ್ನು ಅನಾಥ ಮಾಡಿದೆನೇನೋ ಎನಿಸುತ್ತಿತ್ತು. ಅವಳಿಗೂ ಯಾರೋ ಹಾಗೇ ಕೇಳಿರುತ್ತಾರೆ. ಹೆದರಿದವರಿಗೆ ಅಂಗಡಿಯವರು ಧೈರ್ಯವನ್ನೇ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ನಾನು ಹೆದರಿದ್ದೆ, ಆದ್ದರಿಂದ ಕೊಂಡೆ. ಕೋಣೆ ತುಂಬಿಸಿದ್ದನ್ನು ನೋಡಿ ಅಮ್ಮ ಬಾಗಿಲಲ್ಲೇ ನಿಂತು, "ಇದೇನೇ, ಮಗು ಹುಟ್ಟೋಕ್ಮುಂಚೆ ಅಂಗಡಿ ಇಟ್ಟಿದೀಯ!" ಎಂದಳು. ಆಮೇಲೆ ಶಾಸ್ತ್ರದ ಮಾತು ಎತ್ತಲಿಲ್ಲ. ತನ್ನ ಭಯವನ್ನು ನುಂಗಿಕೊಂಡಳೆಂದು ಈಗ ಅರ್ಥವಾಗುತ್ತದೆ.

ಸೀಮಂತವನ್ನೂ ಬೇಬಿ ಶವರನ್ನೂ ಒಂದೇ ದಿನ ಇಟ್ಟುಕೊಂಡಿದ್ದೆವು. ಒಂದು ಕಡೆ ಹಸಿರು ಬಳೆ, ಕಳಶ. ಇನ್ನೊಂದು ಕಡೆ ಬಲೂನಿನ ಕಮಾನು. ನಡುವೆ ಉಡುಗೊರೆಯ ಮೇಜು. ನನಗೆ ಇಂಥಿಂಥದ್ದೇ ಬೇಕೆಂದು ಪಟ್ಟಿ ಮಾಡಿ, ಎಲ್ಲರಿಗೂ ಲಿಂಕ್ ಕಳಿಸಿದ್ದೆ. ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಗಳು ಬೆಟ್ಟದಂತೆ ಏರಿದ್ದವು. ಅವುಗಳ ಪಕ್ಕದಲ್ಲಿ ಅಮ್ಮ ತನ್ನ ಹಿತ್ತಾಳೆ ತಟ್ಟೆಯಿಟ್ಟಿದ್ದಳು. ಅದರಲ್ಲಿ ಎಲೆ, ಅಡಿಕೆ, ಅರಿಸಿನ, ಕುಂಕುಮ, ನಡುವೆ ಮೆತ್ತನೆ ಗಂಟು.

ಮೆಲ್ಬರ್ನಿನ ಇನ್ನೊಂದು ತುದಿಯ ಕ್ರೇಗಿಬರ್ನಿನಿಂದ ಬಂದಿದ್ದ ಗೆಳತಿಯೊಬ್ಬಳು ಬೆರಳ ತುದಿಯಿಂದ ಗಂಟನ್ನು ಎತ್ತಿ, "ಏ, ಇದ್ಯಾರ ಗಿಫ್ಟೇ? ಹಳೇ ಬಟ್ಟೆ ಥರ ಇದೆ?" ಎಂದಳು. ಸುತ್ತ ನಾಲ್ಕೈದು ಜನ ತಿರುಗಿ ನೋಡಿದರು. ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಸುಮ್ಮನೆ ಕೇಳಿದಳು. ನನ್ನ ಮುಖ ಬಿಸಿಯಾಯಿತು.

"ಅಯ್ಯೋ ಅದಾ? ಗಿಫ್ಟಲ್ಲ ಕಣೇ. ಅಮ್ಮ ಊರಿಂದ ಪಾತ್ರೆ ಸುತ್ಕೊಂಡು ಬಂದಿದ್ದು. ಯಾರೋ ಇಲ್ಲಿಟ್ಬಿಟ್ಟಿದಾರೆ" ಎಂದೆ.

ಅಮ್ಮ ಕೋಸಂಬರಿಯ ಪಾತ್ರೆ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಪಾತ್ರೆಯನ್ನು ಮೇಜಿನ ಮೇಲಿಟ್ಟು, ಗಂಟನ್ನು ಎತ್ತಿಕೊಂಡಳು. "ಹೌದಮ್ಮ, ನಾನೇ ಮರ್ತು ಇಟ್ಬಿಟ್ಟೆ" ಎಂದು ನನ್ನ ಗೆಳತಿಗೆ ಹೇಳಿದಳು. ಹೇಳಿ ಒಳಗೆ ಹೋದಳು. ನನ್ನ ಸುಳ್ಳಿಗೆ ಅಮ್ಮನೇ ಸಾಕ್ಷಿ ನಿಂತಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಚಿನ್ನು ಹುಟ್ಟಿದಳು. ಅಮ್ಮ ಮೂರು ತಿಂಗಳು ಎಣ್ಣೆ ಹಚ್ಚಿದಳು, ನೀರು ಹಾಕಿದಳು, ಸಬ್ಬಸಿಗೆ ಸೊಪ್ಪಿನ ಸಾರು ಕುಡಿಸಿದಳು. ಮಗುವನ್ನು ಅಂಗೈಯಲ್ಲಿ ಎತ್ತಿ "ನಾಲ್ಕೂಕಾಲು" ಎಂದಳು. ಮರುದಿನ ಕೌನ್ಸಿಲ್‌ನ ನರ್ಸಮ್ಮನ ತಕ್ಕಡಿಯೂ ಅದನ್ನೇ ಹೇಳಿತು. ಇಷ್ಟಾದರೂ ನಾನು ಫೋನಿನ ಆ್ಯಪನ್ನು ನಂಬಿದಷ್ಟು ಅವಳನ್ನು ನಂಬಲಿಲ್ಲ. ಒಂದು ಮಧ್ಯಾಹ್ನ ಬಳಸಿ ಎಸೆಯುವ ನ್ಯಾಪಿಯಿಂದಾಗಿ ಮಗುವಿನ ತೊಡೆಸಂದಿಯೆಲ್ಲ ಕೆಂಪಗಾಗಿ ಅದು ಒಂದೇ ಸಮನೆ ಅಳುತ್ತಿತ್ತು. ಅಮ್ಮ ಬಾಗಿಲ ಬಳಿ ನಿಂತು, "ಒಂದೇ ಒಂದು ಬಟ್ಟೆ ಹಾಕ್ಲೇನೇ? ಗಾಳಿಯಾಡ್ಲಿ" ಎಂದು ಕೇಳಿದಳು. ಬಡಾವಣೆಯ ಮಕ್ಕಳನ್ನೆಲ್ಲ ಬೆಳೆಸಿದವಳು ನನ್ನ ಮಗುವಿಗೆ ಒಂದು ತುಂಡು ಬಟ್ಟೆ ಹಾಕಲು ಅಪ್ಪಣೆ ಕೇಳುತ್ತಿದ್ದಳು. "ಬೇಡಮ್ಮ, ಎಲ್ಲೆಲ್ಲಿಟ್ಟಿದ್ದೋ ಏನೋ. ಇನ್ಫೆಕ್ಷನ್ ಆಗುತ್ತೆ" ಎಂದೆ. ಅಮ್ಮ ಮತ್ತೆ ಕೇಳಲಿಲ್ಲ.

ಅತ್ತ ನಮ್ಮ ಮನೆಯ ಕಸದ ಡಬ್ಬ ಲಾರಿ ಬರುವ ಮೊದಲೇ ತುಂಬಿ ಮುಚ್ಚಳ ಬಾಯಿ ಬಿಡುತ್ತಿತ್ತು. ಉಳಿದ ನ್ಯಾಪಿಗಳನ್ನು ಪಕ್ಕದ ಮನೆಯ ಐರಿನ್ ಆಂಟಿಯ ಡಬ್ಬಕ್ಕೆ ಹಾಕುತ್ತಿದ್ದೆ. ಅವರು ಮಂಗಳೂರಿನವರು, ವೃದ್ಧಾಶ್ರಮದಲ್ಲಿ ಕೆಲಸ, ಮನೆಯಲ್ಲಿ ಒಬ್ಬರೇ. "ಹಾಕು ಹಾಕು. ಆದ್ರೆ ಎಂತ ಮಾರಾಯ್ತಿ, ಮಗು ಇಷ್ಟೇ ಉಂಟು, ಕಸ ಮದುವೆ ಮನೆಯ ಹಾಗೆ ಉಂಟಲ್ಲ!" ಎಂದು ನಗುತ್ತಿದ್ದರು. ಆ ನ್ಯಾಪಿಗಳೆಲ್ಲ ಈಗಲೂ ಎಲ್ಲೋ ಮಣ್ಣಿನಡಿ ಹಾಗೇ ಇರುತ್ತವೆ. ಚಿನ್ನು ಅಜ್ಜಿಯಾದರೂ ಅವು ಇರುತ್ತವಂತೆ. ನನ್ನ ಮಗಳು ಮೊದಲ ಹೆಜ್ಜೆ ಇಡುವ ಮೊದಲೇ ಭೂಮಿಯ ಮೇಲೆ ಒಂದು ಗುಡ್ಡ ಬಿಟ್ಟಿದ್ದಳು. ಅವಳೇನು ಕೇಳಿದ್ದಳೇ? ಅದು ನನ್ನದೇ ಗುಡ್ಡ.

ಅಮ್ಮ ಊರಿಗೆ ಹೋದಳು. ಆಮೇಲೆ ದಿನವೂ ವಿಡಿಯೊ ಕರೆಯಲ್ಲಿ ನೂರು ಮಾತು ಆಡಿದ್ದೇವೆ, ಗಂಟಿನ ಮಾತೊಂದನ್ನು ಬಿಟ್ಟು. ನಾನು ಗ್ಯಾರೇಜು ಖಾಲಿ ಮಾಡುವ ಹೊತ್ತಿಗೆ ದಿವ್ಯಾ ಸಿಡ್ನಿಯಲ್ಲಿ ತುಂಬು ಬಸುರಿ. ಅಮ್ಮ ಅವಳ ಬಾಣಂತನಕ್ಕೆ ಹೊರಟು ನಿಂತಿದ್ದಳು. ಎರಡು ವಾರದ ಕೆಳಗೆ, "ಏನೇನ್ ತಗೊಂಡ್ ಹೋಗ್ತಿದೀಯಮ್ಮ?" ಎಂದು ಕೇಳಿದ್ದೆ. ಮೆಂತ್ಯ, ಓಂಕಾಳು ಎಂದೆಲ್ಲ ಎಣಿಸಿ, ಕೊನೆಗೆ ಅತ್ತ ತಿರುಗಿ, "ಬಟ್ಟೆಗಿಟ್ಟೆ ಏನೂ ಇಲ್ಲ. ಅಲ್ಲೇ ಎಲ್ಲಾ ಸಿಗುತ್ತಲ್ಲ" ಎಂದಿದ್ದಳು. ನಾನು ಗಂಟನ್ನು ಬಿಸಾಡಿರುತ್ತೇನೆ ಎಂದು ಅಮ್ಮ ನಂಬಿದ್ದಳು. ಕೇಳಿ ಅದನ್ನು ಖಚಿತ ಮಾಡಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ನಾನು ತಾನೇ ಏನು ಹೇಳುವುದು? ಗಂಟು ಎಲ್ಲಿದೆಯೆಂದು ನನಗೂ ತಿಳಿದಿರಲಿಲ್ಲ, ನಾನು ಹುಡುಕಿಯೂ ಇರಲಿಲ್ಲ. ಮಗುವಿನ ಕೋಣೆ ಖಾಲಿ ಮಾಡುವಾಗ ಬೇಡದ ಸಾಮಾನಿನ ಜೊತೆ ಅದೂ ಪೆಟ್ಟಿಗೆ ಸೇರಿರಬೇಕು.

ಈಗ ಅದು ನನ್ನ ಮಡಿಲಲ್ಲಿತ್ತು. ದಿವ್ಯಾಗೆ ತಲುಪಿಸಬಹುದಿತ್ತು. ಆದರೆ ಕ್ರಮ ಕ್ರಮವೇ. ಯಾರ ಮಗು ಆ ಬಟ್ಟೆಯಲ್ಲಿ ಮಲಗಿತೋ ಆ ತಾಯಿ ತಾನೇ ದಾಟಿಸಬೇಕು? ನನ್ನ ಮಗಳು ಅದರ ಒಂದು ನೂಲನ್ನೂ ಸೋಕಿರಲಿಲ್ಲ. ಗಂಟು ನನ್ನ ಮನೆಗೆ ಬಂದು, ನನ್ನನ್ನು ಹಾರಿಸಿ ಹೋಗುತ್ತಿತ್ತು. ಅಜ್ಜಿ, ಚಿಕ್ಕಮ್ಮ, ಅಮ್ಮ ಎಲ್ಲರೂ ಇರುವ ಸಾಲಿನಲ್ಲಿ ನಾನೊಬ್ಬಳೇ ಇಲ್ಲ.

ನಾನು ಹೀಗೆ ದುಃಖಿಸುತ್ತಾ ಕೂತಿದ್ದಾಗ ಚಿನ್ನು ಬಂದಳು. ನ್ಯಾಪಿ ಬಿಡಿಸಿ, ಅವಳಿಗೆ ಆಗಷ್ಟೇ ಪಾಟಿಯಲ್ಲಿ ಕೂರುವ ಅಭ್ಯಾಸ ಮಾಡಿಸುತ್ತಿದ್ದುದರಿಂದ ಸೊಂಟದ ಕೆಳಗೆ ಏನೂ ಇರಲಿಲ್ಲ. ಗಂಟಿನಿಂದ ಒಂದು ನೀಲಿ ಬಟ್ಟೆ ಎಳೆದಳು. ಅದು ಅಮ್ಮನ ಸೀರೆ. ಅಂಗನವಾಡಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಉಡುತ್ತಿದ್ದದ್ದು, ನಾನು ಬೆಳೆದ ಮೇಲೆ ಗಂಟು ಸೇರಿದ್ದು, ದಿವ್ಯಾ ಮಲಗಿದ್ದೂ ಅದರಲ್ಲೇ. ಚಿನ್ನು ಅದನ್ನು ತಲೆ ಮೇಲೆ ಹೊದ್ದಳು, ನೆಲಕ್ಕೆ ಹಾಸಿದಳು, ಕರಡಿಯನ್ನು ದೂಕಿ ತಾನೇ ಅದರ ಮೇಲೆ ಕೂತಳು. ಕೂತು, ನನ್ನನ್ನೇ ನೋಡುತ್ತಾ, ನಿಶ್ಚಿಂತೆಯಿಂದ ಉಚ್ಚೆ ಹೊಯ್ದಳು.

ನಾನು ಬೈಯಬೇಕಿತ್ತು. ಬೈಯಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂದು, "ಹೊಯ್ಯಿ ನನ್ ಬಂಗಾರ, ಪೂರ್ತಿ ಹೊಯ್ಯಿ" ಎಂದೆ. ಇಪ್ಪತ್ತು ತಿಂಗಳು ತಡವಾಗಿಯಾದರೂ ಸರಿ, ಆಗಬೇಕಾದ ಕೆಲಸ ಆಗಿತ್ತು. ಇನ್ನು ನನ್ನ ಸೀರೆ ಸೇರಿಸುವುದೊಂದೇ ಬಾಕಿ.

ಆಗ ಹೊಳೆಯಿತು, ನನ್ನ ಹತ್ತಿರ ಹಳೆಯ ಸೀರೆಯೇ ಇಲ್ಲ.

ಸೀರೆಗಳೇನೋ ಇವೆ. ವರ್ಷಕ್ಕೆರಡು ಸಲ ಹಬ್ಬಕ್ಕೆ ಉಟ್ಟು, ಫೋಟೊ ತೆಗೆಸಿ, ಮತ್ತೆ ಪ್ಲಾಸ್ಟಿಕ್ ಕವರಿಗೆ ಸೇರಿಸುವ ರೇಷ್ಮೆ, ಜಾರ್ಜೆಟ್ಟುಗಳು. ದಿನವೂ ಹಾಕುವುದು ಜೀನ್ಸ್, ಲೆಗ್ಗಿಂಗ್ಸ್. ಅವನ್ನು ಹರಿದು ಕೂಸಿಗೆ ಸುತ್ತಿದರೆ ನೀರು ಹೀರುವುದಿರಲಿ, ಬೆವರೂ ಹೀರುವುದಿಲ್ಲ. ಆದ್ದರಿಂದ ನಾನೇನು ಮಾಡಿದೆ ಗೊತ್ತೇ? ಡ್ಯಾಂಡಿನಾಂಗಿನ ಇಂಡಿಯನ್ ಅಂಗಡಿಗೆ ಹೋಗಿ ಹೊಸ ಹತ್ತಿ ಸೀರೆ ಕೊಂಡು ತಂದೆ. ಅದನ್ನು ಹಳೆಯದು ಮಾಡಲು!

ವಾಷಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿದೆ. ಒಣಗಿಸಿದೆ. ಮತ್ತೆ ಹಾಕಿದೆ. ಬಟ್ಟೆ ಮೃದುವಾಗಲೆಂದು ಮಾರುವ ಘಮಘಮದ ದ್ರಾವಣವನ್ನು ಮುಚ್ಚಳಗಟ್ಟಲೆ ಸುರಿದೆ. ಎರಡು ದಿನ ಮೆಷಿನ್ನಿಗೆ ಬಿಡುವಿಲ್ಲ. ಸೀರೆ ಬಣ್ಣ ಬಿಟ್ಟು ನನ್ನ ಗಂಡ ಹರೀಶನ ಬನಿಯನ್ನುಗಳೆಲ್ಲ ಗುಲಾಬಿಯಾದವು. ಗೋದಾಮಿನ ಕೆಲಸ ಮುಗಿಸಿ ಬಂದವನು ಮೆಷಿನ್ನಿನ ಮುಂದೆ ನಿಂತು, "ನೀನೇನ್ ಸೀರೆ ಒಗೀತಿದೀಯೋ, ಬಾಯ್ಬಿಡಿಸ್ತಿದೀಯೋ?" ಎಂದು ಕೇಳಿದ. ನನಗೆ ರೇಗಿತು. ಮತ್ತೊಂದು ಸುತ್ತು ತಿರುಗಿಸಿದೆ. ಕಡೆಗೆ ತೆಗೆದು ಕೆನ್ನೆಗೊತ್ತಿದೆ. ಸೀರೆ ಸೊರಗಿತ್ತು, ಮೆತ್ತಗಾಗಿರಲಿಲ್ಲ. ಮೇಲಾಗಿ ಆ ದ್ರಾವಣದಿಂದ ಜಿಡ್ಡು ಕೂತು, ಅದರ ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನಂತೆ ಹರಿದು ಹೋಗುತ್ತಿತ್ತು. ಕಸ ಕಡಿಮೆ ಮಾಡಲು ಹೊರಟವಳು ಹೊಸ ಸೀರೆ, ಡ್ರಮ್ಮುಗಟ್ಟಲೆ ನೀರು, ಕರೆಂಟು, ಗಂಡನ ಬನಿಯನ್ನು ಎಲ್ಲವನ್ನೂ ಕಸ ಮಾಡಿ ಕುಳಿತಿದ್ದೆ.

ಹಿಂದಿನ ಹುಲ್ಲಿನಂಗಳದಲ್ಲಿ ಆ ದರಿದ್ರ ಸೀರೆಯನ್ನು ಹರವುತ್ತಿದ್ದಾಗ ಬೇಲಿಯಾಚೆಯಿಂದ ಐರಿನ್ ಆಂಟಿ ಇಣುಕಿದರು. "ಎಂತ ಮಾರಾಯ್ತಿ, ಎರಡು ದಿನದಿಂದ ಅದೇ ಸೀರೆ?" ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಹೊಟ್ಟೆ ತುಂಬ ನಕ್ಕರು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಲ್ಲ, ಈಗ ನೀನು ಹಾಕಿಕೊಂಡದ್ದು ಎಂತದು ಮತ್ತೆ?"

"ಇದಾ? ಇದು ನೈಟಿ ಆಂಟಿ."

"ಹತ್ತಿ ಅಲ್ವಾ? ಮಗು ಹುಟ್ಟಿದಾಗಿಂದ ನಾನು ನಿನ್ನನ್ನು ಅದರಲ್ಲೇ ನೋಡುದು. ಅದಕ್ಕಿಂತ ಮೆತ್ತಗಿದ್ದು ನಿಂಗೆ ಎಲ್ಲಿ ಸಿಗ್ತದೆ?"

ನಾನು ಬಗ್ಗಿ ನನ್ನನ್ನೇ ನೋಡಿಕೊಂಡೆ. ಕಂದು ಬಣ್ಣದ ಮೇಲೆ ಹಳದಿ ಹೂವಿನ ನೈಟಿ. ಎದುರಿಗೆ ಜಿಪ್ಪು, ಬಲಗಡೆ ಜೇಬು. ಬಾಣಂತಿಗೆಂದು ಅಮ್ಮ ತಿಪಟೂರಿನ ಪೇಟೆಯಲ್ಲಿ ಕೊಂಡು ತಂದದ್ದು. ಹಾಲುಣಿಸುವ ತಾಯಂದಿರಿಗೆಂದೇ ಹೊಲಿದ ಬೆಲೆಬಾಳುವ ಉಡುಪೊಂದನ್ನು ನಾನು ಪಟ್ಟಿಯಲ್ಲಿ ಬರೆದು ತರಿಸಿಕೊಂಡಿದ್ದೆ. ಆಸ್ಪತ್ರೆಯಿಂದ ಬಂದ ಮೂರನೆಯ ದಿನಕ್ಕೇ ಅದು ಅಲಮಾರು ಸೇರಿತು. ಅಂದು ಹಾಕಿಕೊಂಡ ಈ ನೈಟಿಯನ್ನು ಮತ್ತೆ ಬಿಟ್ಟಿಲ್ಲ. ಹಾಲು, ವಾಂತಿ, ರಾಗಿ ಸರಿ, ನನ್ನ ಕಣ್ಣೀರು, ಎಲ್ಲವನ್ನೂ ಇದೇ ಒರೆಸಿದ್ದು. ಯಾರಾದರೂ ಬೆಲ್ ಮಾಡಿದರೆ ಮೇಲೊಂದು ಜಾಕೆಟ್ ಎಳೆದುಕೊಂಡು ಬಾಗಿಲು ತೆಗೆಯುತ್ತಿದ್ದೆ. ಅಮ್ಮ ತಂದದ್ದನ್ನೆಲ್ಲ ಬೇಡವೆಂದೆ ಎಂದುಕೊಂಡಿದ್ದೆನಲ್ಲ, ಇಪ್ಪತ್ತು ತಿಂಗಳಿಂದ ಅಮ್ಮ ತಂದದ್ದರೊಳಗೇ ಬದುಕಿದ್ದೆ. ಬೇಲಿಯ ಪಕ್ಕದಲ್ಲಿ ನಿಂತೇ ನನಗೆ ಅಮ್ಮನ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಐರಿನ್ ಆಂಟಿ ಗಾಬರಿಯಾಗಿ "ಅಯ್ಯೋ, ಎಂತ ಆಯ್ತು, ಅಳುದು ಯಾಕೆ?" ಎಂದರು.

ಆದರೆ ಗಂಟಿಗೆ ನೈಟಿ ನಡೆಯುತ್ತದೆಯೇ? ಇದುವರೆಗೆ ಯಾರೂ ಸೇರಿಸಿಲ್ಲ. ಕೇಳಬೇಕಾದವಳು ಒಬ್ಬಳೇ. ಅವಳನ್ನು ಕೇಳಬೇಕಾದರೆ ಗಂಟಿನ ಮಾತು ಎತ್ತಲೇಬೇಕು. ಮಧ್ಯಾಹ್ನ ಫೋನ್ ಹಚ್ಚಿದೆ. ಊರಲ್ಲಿ ಬೆಳಿಗ್ಗೆ, ಅಮ್ಮ ಹುರುಳಿಕಾಯಿ ಸೋಸುತ್ತಾ ಕೂತಿದ್ದಳು. ಅದೂ ಇದೂ ಮಾತಾಡಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ, "ಅಮ್ಮ, ಮೆತ್ತನೆ ಗಂಟು ನನ್ನ ಹತ್ರಾನೇ ಇದೆ" ಎಂದೆ.

ಅಮ್ಮನ ಕೈ ನಿಂತಿತು. "ಅದಿನ್ನೂ ಇದೆಯೇನೇ?" ಎಂದಳು. ದನಿ ಸಣ್ಣಗಾಗಿತ್ತು.

"ಇದೆ. ಅವತ್ತು ಎಲ್ಲರ ಮುಂದೆ ನಾನು ಹಾಗಂದಿದ್ದು ತಪ್ಪಮ್ಮ. ನಾಚ್ಕೆ ಆಗಿ ಸುಳ್ಳು ಹೇಳ್ಬಿಟ್ಟೆ. ಆಮೇಲೆ ನೀನು ಒಂದು ಬಟ್ಟೆ ಹಾಕ್ಲಾ ಅಂತ ಕೇಳ್ದಾಗ್ಲೂ..."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಒಂದು ಹುರುಳಿಕಾಯಿ ಎತ್ತಿಕೊಂಡು ನಾರು ತೆಗೆದಳು. ನಾನು ಗಾಬರಿಯಲ್ಲಿ ಉಳಿದದ್ದನ್ನೂ ಹೇಳಿಬಿಟ್ಟೆ. ಚಿನ್ನು ಉಚ್ಚೆ ಹೊಯ್ದದ್ದು, ಹೊಸ ಸೀರೆ, ಘಮಘಮದ ದ್ರಾವಣ, ಗುಲಾಬಿ ಬನಿಯನ್ನು, ಕೊನೆಗೆ ನೈಟಿ. ಅಮ್ಮ ಕ್ಯಾಮೆರಾಕ್ಕೆ ಮುಖ ಹತ್ತಿರ ತಂದು, "ಯಾವ್ದು, ಆ ಹಳದಿ ಹೂವಿಂದಾ?" ಎಂದಳು.

"ಹೂಂ. ಅದನ್ನ ಸೇರಿಸ್ಬೋದಾ?"

ಅವಳು ಹುರುಳಿಕಾಯಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಅಂಗನವಾಡಿ ಟೀಚರಿನ ದನಿಯಲ್ಲಿ ಹೇಳಿದಳು: "ಮೊದ್ಲು ಜಿಪ್ಪು ಬಿಚ್ಚಾಕು, ಕೂಸಿಗೆ ಚುಚ್ಚುತ್ತೆ. ಕತ್ರಿಲಿ ಅಂಚಿಗೆ ಒಂದು ಏಟು ಹಾಕಿ ಕೈಯಲ್ಲೇ ಹರಿ, ಸರಿಯಾಗ್ ಬರುತ್ತೆ. ಆಯ್ತೋ ಇಲ್ವೋ ಅಂತ ನಾನು ಸಿಡ್ನೀಲಿ ನೋಡ್ತೀನಿ. ಫೋನಲ್ಲೆಲ್ಲ ಹೇಳಕ್ಕಾಗಲ್ಲ."

ದಿವ್ಯಾಗೆ ಗಂಡು ಮಗುವಾದ ಐದನೆಯ ದಿನ ನಾನು ಗಂಟಿದ್ದ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡೇ ಸಿಡ್ನಿಗೆ ಹೋದೆ. ಚಿನ್ನು ಅಪ್ಪನ ಜೊತೆ ಮನೆಯಲ್ಲಿ ಉಳಿದಳು. ವೆಂಟ್‌ವರ್ತ್‌ವಿಲ್‌ನಲ್ಲಿ ಎರಡನೆಯ ಮಹಡಿಯ ಪುಟ್ಟ ಮನೆ ಅವರದು. ಬಾಲ್ಕನಿಯಿಂದ ರೈಲು ಕಾಣುತ್ತದೆ. ನಾನು ಹೋದಾಗ ದಿವ್ಯಾಳ ಆಫೀಸಿನ ನಾಲ್ಕು ಜನ ಗೆಳತಿಯರು ಮಗುವನ್ನು ನೋಡಲು ಬಂದು ಹಾಲ್ ತುಂಬ ಕೂತಿದ್ದರು. ಕಾಲಬುಡದಲ್ಲಿ ಬಣ್ಣದ ಚೀಲಗಳು, ಪೆಟ್ಟಿಗೆಗಳು. ಅವುಗಳಲ್ಲೊಂದು ವೈಪ್ಸ್ ಬಿಸಿ ಮಾಡುವ ಡಬ್ಬಿ. ನಾನು ಅದಕ್ಕೊಂದು ನಮಸ್ಕಾರ ಹಾಕಿದೆ.

ಅವರು ಹೋದ ಮೇಲೆ ಕೊಡೋಣವೆಂದು ಗಂಟನ್ನು ಬ್ಯಾಗಿನೊಳಗೇ ಇಟ್ಟುಕೊಂಡೆ. ನೋಡಿ, ನಾಚಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಅಮ್ಮ ಒಳಗಿಂದ ಬಂದವಳು ನನ್ನ ಮುಖ ನೋಡಿದಳು, ಬ್ಯಾಗು ನೋಡಿದಳು, ಕೈ ಚಾಚಿದಳು. ನಾನು ಕೊಟ್ಟೆ. ಎಲ್ಲರ ನಡುವೆ ನೆಲದ ಮೇಲೆ ಕೂತು ಗಂಟು ಬಿಚ್ಚಿದಳು. ಅಜ್ಜಿಯ ಕೆಂಪು, ಚಿಕ್ಕಮ್ಮನ ಹಸಿರು, ತನ್ನ ನೀಲಿ ಎಲ್ಲವನ್ನೂ ಪಕ್ಕಕ್ಕಿಟ್ಟು, ಎಲ್ಲಕ್ಕೂ ಮೇಲಿದ್ದ ಕಂದು ಬಟ್ಟೆಯನ್ನು ಎತ್ತಿಕೊಂಡಳು.

ಗೆಳತಿಯರಲ್ಲಿ ಒಬ್ಬಳು ಬಗ್ಗಿ ನೋಡಿ, "ಇದೇನ್ ಆಂಟಿ, ಹಳೇ ನೈಟಿ ಬಟ್ಟೆ ಥರ ಇದೆ?" ಎಂದಳು.

ಅದೇ ಪ್ರಶ್ನೆ. ಅಂದು ನಾನು ಹೇಳಿದ ಸುಳ್ಳಿಗೆ ಅಮ್ಮ ಈಗ ಏನು ಉತ್ತರ ಕೊಟ್ಟರೂ ಅದು ಅವಳ ಹಕ್ಕು.

ಅಮ್ಮ ಆ ಬಟ್ಟೆಯನ್ನು ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣು ಬೇಗ ತೆರೆಯಲಿಲ್ಲ. ನಾನು ತಿಪಟೂರಿನ ಹಿತ್ತಲಲ್ಲಿ ನಿಂತ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದೆ. 

"ಹೂಂನಮ್ಮ, ನೈಟೀನೇ. ನನ್ನ ದೊಡ್ಡ ಮಗಳು ಬಾಣಂತನದಲ್ಲಿ ಹಾಕ್ಕೊಂಡಿದ್ದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಆಯ್ತು" ಎಂದಳು.

ದಿವ್ಯಾಳ ಕೈಯಿಂದ ಮಗುವನ್ನು ತೆಗೆದುಕೊಂಡು, ಹಾಕಿದ್ದ ನ್ಯಾಪಿ ಬಿಚ್ಚಿ, ನನ್ನ ಹಳದಿ ಹೂಗಳ ನಡುವೆ ಮಲಗಿಸಿದಳು. ಕೂಸು ಕಾಲು ಝಾಡಿಸಿತು, ಆಕಳಿಸಿತು, ಎರಡು ನಿಮಿಷದಲ್ಲಿ ಒದ್ದೆ ಮಾಡಿತು. ಎಲ್ಲರೂ ನಕ್ಕರು. ಅಮ್ಮ ನೀಲಿ ಬಟ್ಟೆಯನ್ನು ಅಡಿಗೆ ಸರಿಸಿ, ಒದ್ದೆಯಾದದ್ದನ್ನು ಎಳೆದು ನನ್ನ ಕೈಗೆ ಕೊಟ್ಟಳು.

"ಹೋಗು, ಬರೀ ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕು. ನಿನ್ನ ಘಮಘಮದ ನೀರೇನಾದ್ರೂ ಮುಟ್ಟಿಸಿದ್ಯೋ, ನೋಡು ಮತ್ತೆ."

ನಾನು ಜಾಲಿಸಿ, ಹಿಂಡಿ, ಬಾಲ್ಕನಿಗೆ ಹೋಗಿ ಕಂಬಿಯ ಮೇಲೆ ಹರವಿದೆ. ಬೀದಿಗೆಲ್ಲ ಕಾಣುವ ಹಾಗೆಯೇ ಹರವಿದೆ.